ಅಂತಿಮ ದಾಸ್ತಾನಿನಲ್ಲಿ ಉಳಿದ ಈರುಳ್ಳಿ ಬೀಜ

ಮಾರ್ಚ್ ತಿಂಗಳ ಕೊನೆಯ ವಾರವೆಂದರೆ ವರ್ತಕ ಬಂಧುಗಳಿಗೂ ನಮ್ಮಂತಹ ಲೆಕ್ಕಪರಿಶೋಧಕರಿಗೂ ಬಿಡುವಿಲ್ಲದ ಕಾಲ. ಗೋದಾಮಿನಲ್ಲಿ ಚೀಲಗಳನ್ನು ಎಣಿಸುವವರು ಒಂದು ಕಡೆ, ಖಾತೆ ಕಿರ್ದಿಗಳನ್ನು ತಾಳೆ ಹಾಕುವವರು ಇನ್ನೊಂದು ಕಡೆ. ಇಂತಹ ಸಮಯದಲ್ಲಿ ಮನೆಯ ತಾರಸಿಯ ಮೇಲೆ ಬೀಜದಿಂದ ಈರುಳ್ಳಿ ಬೆಳೆಯುವ ವಿಚಾರವನ್ನು ವಾಣಿಜ್ಯ ಪತ್ರಿಕೆಯೊಂದರಲ್ಲಿ ಬರೆಯುವುದು ವಿಚಿತ್ರವೆಂದು ಕೆಲವರಿಗೆ ತೋರಬಹುದು. ಆದರೆ ಈ ಎರಡು ವಿಷಯಗಳ ನಡುವೆ ನಿಕಟವಾದ ಸಂಬಂಧವೊಂದಿದೆ ಎಂಬುದನ್ನು ನಾನು ಮೂವತ್ತು ವರ್ಷಗಳ ವೃತ್ತಿಜೀವನದಲ್ಲಿ ಅರಿಯಲಿಲ್ಲ. ಒಂದು ಹಿಡಿ ಕರಿಯ ಬೀಜ ಅದನ್ನು ಎರಡೇ ವರ್ಷಗಳಲ್ಲಿ ಕಲಿಸಿತು. ಆ ಅನುಭವವನ್ನು ಸದಸ್ಯರೊಡನೆ ಹಂಚಿಕೊಳ್ಳುವುದು, ಅದರಿಂದ ಹೊರಡುವ ಒಂದು ಸಲಹೆಯನ್ನು ಅವರ ಮುಂದಿಡುವುದು ಈ ಲೇಖನದ ಉದ್ದೇಶ.

ತಾರಸಿಯ ಮೇಲಿನ ಮೊದಲ ನಷ್ಟ

ನಮ್ಮ ಧಾರವಾಡ, ಗದಗ, ಹಾವೇರಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಜನರಿಗೆ ಉಳ್ಳಾಗಡ್ಡಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಯಲ್ಲಿ ಸುಗ್ಗಿಯ ಕಾಲದಲ್ಲಿ ರಾಶಿ ಬೀಳುವ ಈ ಗಡ್ಡೆಯ ಬೆಲೆ ಏರಿದಾಗ ಗ್ರಾಹಕನೂ, ಇಳಿದಾಗ ರೈತನೂ, ಎರಡೂ ಸಂದರ್ಭಗಳಲ್ಲಿ ವರ್ತಕನೂ ಬೈಗುಳ ತಿನ್ನುವುದು ವಾಡಿಕೆ. 2023ರ ನವೆಂಬರಿನಲ್ಲಿ ಬೆಲೆ ಏರಿದ್ದಾಗ ನಮ್ಮ ಮನೆಯಲ್ಲಿ ಒಂದು ಹಾಸ್ಯದ ಮಾತು ಹುಟ್ಟಿತು. "ಲೆಕ್ಕ ಬರೆಯುವ ಕೈ ಒಂದು ಗಡ್ಡೆಯನ್ನಾದರೂ ಬೆಳೆದು ತೋರಿಸಲಿ" ಎಂದು ನನ್ನ ಶ್ರೀಮತಿಯವರು ಸವಾಲು ಹಾಕಿದರು. ನಾನು ಅದನ್ನು ಒಪ್ಪಿಕೊಂಡೆ.

ನಗರದ ಅಂಗಡಿಯೊಂದರಿಂದ ಹತ್ತು ಗ್ರಾಮ್ ಬೀಜ ತಂದೆ. ಅಂಗಡಿಯವರು ದೊಡ್ಡ ಡಬ್ಬಿಯಿಂದ ಬೀಜವನ್ನು ತೂಗಿ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟರು. ತಳಿ ಯಾವುದು, ಯಾವ ವರ್ಷದ ಬೀಜ, ಯಾವಾಗ ಪರೀಕ್ಷೆಯಾದದ್ದು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಿಲ್ಲನ್ನೂ ಕೇಳಲಿಲ್ಲ. ಬೇರೆಯವರ ವೋಚರುಗಳಲ್ಲಿ ಐವತ್ತು ರೂಪಾಯಿಯ ಬಿಲ್ಲು ಇಲ್ಲದಿದ್ದರೂ ಕೆಂಪು ಶಾಯಿಯಲ್ಲಿ ಗುರುತು ಹಾಕುವ ನಾನು ಅಂದು ಬರಿಗೈಯಲ್ಲಿ ಹೊರಬಂದೆ.

ಈರುಳ್ಳಿಯ ಬೀಜ ಬಹಳ ಸಣ್ಣದು. ಒಂದು ಗ್ರಾಮಿಗೆ ಸುಮಾರು 250 ಬೀಜಗಳಿರುತ್ತವೆ. ಲೆಕ್ಕದ ಪ್ರಕಾರ ನನ್ನ ಪೊಟ್ಟಣದಲ್ಲಿ ಎರಡೂವರೆ ಸಾವಿರ ಬೀಜಗಳಿದ್ದವು. ಅಗಲವಾದ ಎರಡು ತಟ್ಟೆಗಳಲ್ಲಿ ಮಣ್ಣು, ಎರೆಗೊಬ್ಬರ ಬೆರೆಸಿ, ಬೀಜ ಚೆಲ್ಲಿ, ತೆಳುವಾಗಿ ಮಣ್ಣು ಮುಚ್ಚಿ ನೀರು ಚಿಮುಕಿಸಿದೆ. ಹತ್ತು ದಿನ ಕಳೆದವು, ಹದಿನೈದು ದಿನ ಕಳೆದವು. ಅಲ್ಲೊಂದು ಇಲ್ಲೊಂದು ದಾರದಂತಹ ಮೊಳಕೆ ಕಂಡಿತು. ಪೊಟ್ಟಣದಲ್ಲಿ ಉಳಿದಿದ್ದ ಬೀಜಗಳಲ್ಲಿ ನೂರನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಹನ್ನೆರಡು ದಿನಗಳ ನಂತರ ಬಿಚ್ಚಿ ನೋಡಿದೆ. ಮೊಳಕೆಯೊಡೆದವು ಕೇವಲ 14.

ಬೇರೆ ಕಡೆಯಿಂದ ಬೀಜ ತಂದು ಮತ್ತೆ ಸಸಿ ಮಾಡುವಷ್ಟರಲ್ಲಿ ಜನವರಿ ಬಂದಿತ್ತು. ಏಪ್ರಿಲಿನ ಬಿಸಿಲಿನಲ್ಲಿ ಆ ಸಸಿಗಳು ಅವಸರವಾಗಿ ಗಡ್ಡೆ ಕಟ್ಟಿ ಒಣಗಿದವು. ಕೈಗೆ ಬಂದದ್ದು ಗೋಲಿಗುಂಡಿನ ಗಾತ್ರದ ಗಡ್ಡೆಗಳು. ಶ್ರೀಮತಿಯವರು ಅವನ್ನು ಸಾಂಬಾರಿಗೆ ಇಡಿಯಾಗಿಯೇ ಹಾಕಿ ನನ್ನ ಮಾನ ಉಳಿಸಿದರು.

ನಮ್ಮ ಮನೆಗೆ ಹಾಲು ಹಾಕುವ ರೈತರು ತಾರಸಿಗೆ ಬಂದು ಆ ತಟ್ಟೆಗಳನ್ನು ನೋಡಿ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಸಾಹೇಬ್ರ, ಉಳ್ಳಾಗಡ್ಡಿ ಬೀಜಾ ಹೊಸಾದ ಇರಬೇಕ್ರಿ. ವರ್ಷ ದಾಟಿತಂದ್ರ ಅದು ಬೀಜ ಅಲ್ರಿ, ಕರೇ ಉಸುಕ." ಅವರದು ಎರಡು ಎಕರೆ ಹೊಲ. ಅದೇ 2023ರ ಮುಂಗಾರಿನಲ್ಲಿ ಅವರೂ ಬಿಡಿಯಾಗಿ ತೂಗಿಸಿಕೊಂಡ ಬೀಜವನ್ನು ಬಿತ್ತಿದ್ದರು. ಕೊಳವೆ ಬಾವಿಯಲ್ಲಿ ನೀರಿದ್ದರೂ ಮೊಳಕೆ ಬರಲಿಲ್ಲ. ಅದು ಬರಗಾಲದ ವರ್ಷವಾದ್ದರಿಂದ ಊರಿನವರೆಲ್ಲ ಮಳೆಯನ್ನೇ ದೂರಿದರು. ಬೀಜ ಸತ್ತಿತ್ತೆಂದು ತೋರಿಸಲು ಅವರ ಕೈಯಲ್ಲಿ ಬಿಲ್ಲೂ ಇರಲಿಲ್ಲ, ಚೀಟಿಯೂ ಇರಲಿಲ್ಲ. ನನ್ನ ನಷ್ಟ ಎರಡು ತಟ್ಟೆಗಳದು, ಅವರ ನಷ್ಟ ಒಂದು ಹಂಗಾಮಿನದು. ಕಾರಣ ಮಾತ್ರ ಒಂದೇ.

ಗಾತ್ರ ನಿರ್ಧಾರವಾಗುವುದು ಎಲೆಯಲ್ಲಿ

ಈ ಸೋಲಿನ ನಂತರ ವಿಷಯವನ್ನು ಸ್ವಲ್ಪ ಕ್ರಮವಾಗಿ ಅಭ್ಯಾಸ ಮಾಡಿದೆ. ದಪ್ಪ ಈರುಳ್ಳಿಯ ರಹಸ್ಯ ಗೊಬ್ಬರದಲ್ಲಿದೆ ಎಂಬುದು ಸಾಮಾನ್ಯವಾದ ನಂಬಿಕೆ. ಅದು ಅರ್ಧ ಸತ್ಯ ಮಾತ್ರ. ಈರುಳ್ಳಿಯ ಪ್ರತಿಯೊಂದು ಎಲೆಯ ಬುಡವೇ ಗಡ್ಡೆಯ ಒಂದು ಪದರವಾಗುತ್ತದೆ. ಗಡ್ಡೆ ಕಟ್ಟಲು ಆರಂಭಿಸುವ ಮುನ್ನ ಗಿಡದಲ್ಲಿ ಎಷ್ಟು ಎಲೆಗಳಿವೆ, ಅವು ಎಷ್ಟು ಬಲವಾಗಿವೆ ಎಂಬುದರ ಮೇಲೆ ಗಾತ್ರದ ಹೆಚ್ಚಿನ ಪಾಲು ನಿಂತಿದೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಎಲೆಯೇ ಬಂಡವಾಳ, ಗಡ್ಡೆ ಅದರ ಮೇಲಿನ ಪ್ರತಿಫಲ.

ಗಡ್ಡೆ ಕಟ್ಟುವ ಸಮಯವನ್ನು ಗಿಡಕ್ಕೆ ತಿಳಿಸುವುದು ಹಗಲಿನ ಉದ್ದ ಮತ್ತು ಉಷ್ಣತೆ. ನಮ್ಮ ಹುಬ್ಬಳ್ಳಿಯಲ್ಲಿ ಡಿಸೆಂಬರಿನ ಹಗಲು ಸುಮಾರು ಹನ್ನೊಂದೂ ಕಾಲು ಗಂಟೆ, ಜೂನಿನ ಹಗಲು ಸುಮಾರು ಹದಿಮೂರು ಗಂಟೆ. ಭಾರತದ ಬಯಲು ನಾಡಿನ ತಳಿಗಳು ಹನ್ನೊಂದು ಹನ್ನೆರಡು ಗಂಟೆಗಳ ಹಗಲಿನಲ್ಲೇ ಗಡ್ಡೆ ಕಟ್ಟುತ್ತವೆ. ಇಂಗ್ಲೆಂಡಿನಂತಹ ಉತ್ತರದ ದೇಶಗಳ ತಳಿಗಳಿಗೆ ಹದಿನಾಲ್ಕರಿಂದ ಹದಿನಾರು ಗಂಟೆಗಳ ಹಗಲು ಬೇಕು. ಆ ದೇಶದ ಹ್ಯಾರೋಗೇಟ್ ಪ್ರದರ್ಶನದಲ್ಲಿ 2023ರಲ್ಲಿ ಸುಮಾರು ಒಂಬತ್ತು ಕಿಲೋ ತೂಕದ ಒಂದೇ ಈರುಳ್ಳಿ ವಿಶ್ವದಾಖಲೆ ಸ್ಥಾಪಿಸಿತು. ಅದನ್ನು ಓದಿ, ಅಲ್ಲಿ ನೆಲೆಸಿರುವ ನಮ್ಮ ಅಳಿಯಂದಿರು ಐಲ್ಸಾ ಕ್ರೇಗ್ ಎಂಬ ಹೆಸರಾಂತ ತಳಿಯ ಪೊಟ್ಟಣವೊಂದನ್ನು ತಂದುಕೊಟ್ಟರು. ಒಂದು ಚೀಲದಲ್ಲಿ ಅದನ್ನೂ ಬೆಳೆಸಿದೆ. ಸೊಂಪಾಗಿ ಎಲೆ ಬಂದಿತು, ಗಡ್ಡೆ ಕಟ್ಟಲೇ ಇಲ್ಲ. ಬೀಜದಲ್ಲಾಗಲಿ ಗೊಬ್ಬರದಲ್ಲಾಗಲಿ ದೋಷವಿರಲಿಲ್ಲ. ಆ ಗಿಡ ಕಾಯುತ್ತಿದ್ದ ಹಗಲು ನಮ್ಮ ಊರಿನಲ್ಲಿ ಇಲ್ಲ, ಅಷ್ಟೇ. ಬೇರೆ ದೇಶದ ಯಂತ್ರವನ್ನು ಇಲ್ಲಿನ ವಿದ್ಯುತ್ತು, ಇಲ್ಲಿನ ಕಚ್ಚಾ ಮಾಲು ನೋಡದೆ ತರಿಸಿದ ಉದ್ಯಮಿಗಳಿಗೆ ಈ ಮಾತು ಬೇಗ ಅರ್ಥವಾದೀತು.

ನಮ್ಮ ನೆಲಕ್ಕೆ ಹೊಂದುವ ತಳಿಗಳಿಗೆ ಕೊರತೆಯಿಲ್ಲ. ಬಳ್ಳಾರಿ ಕೆಂಪು, ತೆಲಗಿ ಕೆಂಪು ಹಿಂದಿನಿಂದ ಬಂದವು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಕಲ್ಯಾಣ್ ಮುಂಗಾರಿಗೂ, ಅರ್ಕಾ ನಿಕೇತನ್ ಹಿಂಗಾರಿಗೂ ಹೆಸರಾಗಿವೆ. ಪುಣೆಯ ಬಳಿಯ ರಾಜಗುರುನಗರದ ಈರುಳ್ಳಿ ಮತ್ತು ಬೆಳ್ಳುಳ್ಳಿ ಸಂಶೋಧನಾ ನಿರ್ದೇಶನಾಲಯದಿಂದ ಭೀಮಾ ಸೂಪರ್, ಭೀಮಾ ಶಕ್ತಿ ಮೊದಲಾದವು ಬಂದಿವೆ. ಮುಂಗಾರಿನ ತಳಿಯನ್ನು ಹಿಂಗಾರಿನಲ್ಲಿ, ಹಿಂಗಾರಿನದನ್ನು ಮುಂಗಾರಿನಲ್ಲಿ ಬಿತ್ತಿದರೆ ಒಳ್ಳೆಯ ಬೀಜವೂ ಕೈಕೊಡುತ್ತದೆ. ಆದ್ದರಿಂದ ಪೊಟ್ಟಣದ ಮೇಲೆ ತಳಿಯ ಹೆಸರು ಇರುವುದು ಅಲಂಕಾರಕ್ಕಲ್ಲ.

ದಪ್ಪವೇ ಎಲ್ಲ ಕಾಲಕ್ಕೂ ಶ್ರೇಷ್ಠವೆಂದು ನಾನು ವಾದಿಸುತ್ತಿಲ್ಲ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರಗಳ ಭಾಗದ ಬೆಂಗಳೂರು ಗುಲಾಬಿ ಈರುಳ್ಳಿ ಸಣ್ಣ ಗಾತ್ರದ್ದೇ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಅದಕ್ಕೆ ಮಲೇಷ್ಯಾ, ಸಿಂಗಾಪುರಗಳಲ್ಲಿ ತನ್ನದೇ ಬೇಡಿಕೆಯಿದೆ. ಯಾವ ಗಾತ್ರ ಬೇಕೆಂಬುದನ್ನು ಗ್ರಾಹಕ ನಿರ್ಧರಿಸಲಿ. ಆದರೆ ಬೆಳೆಯುವವನು ಬಯಸಿದ ಗಾತ್ರ ಅವನಿಗೆ ದೊರೆಯಬೇಕಾದರೆ ಮೊದಲು ಬೀಜ ಜೀವಂತವಾಗಿರಬೇಕು.

ಎರಡನೆಯ ವರ್ಷದ ಲೆಕ್ಕ

2024ರಲ್ಲಿ ಅಕ್ಟೋಬರ್ ಕೊನೆಗೇ ಸಿದ್ಧತೆ ಆರಂಭಿಸಿದೆ. ಅರ್ಕಾ ನಿಕೇತನ್ ತಳಿಯ, ಪರೀಕ್ಷೆಯ ದಿನಾಂಕ ಮುದ್ರಿತವಾದ, ಮೊಹರು ಒಡೆಯದ ಪೊಟ್ಟಣವನ್ನು ಬಿಲ್ಲು ಸಹಿತ ತಂದೆ. ಬಿತ್ತುವ ಮೊದಲು ನೂರು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಪರೀಕ್ಷಿಸಿದೆ. 83 ಮೊಳಕೆಯೊಡೆದವು. ನವೆಂಬರ್ ಮೊದಲ ವಾರದಲ್ಲಿ ತಟ್ಟೆಯಲ್ಲಿ ಬಿತ್ತನೆ ಮಾಡಿ, ಬೀಜವನ್ನು ಅರ್ಧ ಅಂಗುಲಕ್ಕಿಂತ ಆಳಕ್ಕೆ ಹೋಗದಂತೆ ಮುಚ್ಚಿದೆ. ನೀರು ನಿಂತರೆ ಎಳೆಯ ಸಸಿಗಳು ಬುಡ ಕೊಳೆತು ಬೀಳುತ್ತವೆ. ಆದ್ದರಿಂದ ಬೆಳಗಿನ ಹೊತ್ತು ಮಾತ್ರ ಹದವಾಗಿ ನೀರು.

ಏಳು ವಾರಗಳಲ್ಲಿ ಸಸಿಗಳು ಗೇಣುದ್ದ ಬೆಳೆದವು. ಡಿಸೆಂಬರ್ ಕೊನೆಯಲ್ಲಿ ಒಂಬತ್ತು ಚೀಲಗಳಲ್ಲಿ, ಚೀಲವೊಂದಕ್ಕೆ ಎಂಟರಂತೆ 72 ಸಸಿಗಳನ್ನು ಆರು ಅಂಗುಲದ ಅಂತರದಲ್ಲಿ ನಾಟಿ ಮಾಡಿದೆ. ಇಲ್ಲಿ ಕೈ ಬಿಗಿ ಹಿಡಿಯುವುದು ಕಷ್ಟ. ಸಸಿಗಳು ಇನ್ನೂ ಮಿಕ್ಕಿರುತ್ತವೆ, ಖಾಲಿ ಮಣ್ಣು ಕಣ್ಣಿಗೆ ಕಾಣುತ್ತಿರುತ್ತದೆ, ಎರಡರ ನಡುವೆ ಇನ್ನೊಂದನ್ನು ಇಟ್ಟರೆ ಏನಾದೀತು ಎಂದು ಮನಸ್ಸು ಹೇಳುತ್ತದೆ. ಇದ್ದ ಬಂಡವಾಳವನ್ನು ಹತ್ತು ಕಡೆ ಹಂಚಿ ಯಾವುದನ್ನೂ ಬೆಳೆಸಲಾಗದ ಕಕ್ಷಿದಾರರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಅವರಿಗೆ ಕೊಡುವ ಬುದ್ಧಿವಾದವನ್ನು ನನಗೇ ಹೇಳಿಕೊಂಡು ಮಿಕ್ಕ ಸಸಿಗಳನ್ನು ನೆರೆಹೊರೆಯವರಿಗೆ ಕೊಟ್ಟೆ.

ಈರುಳ್ಳಿಯ ಬೇರು ಮೇಲ್ಮಣ್ಣಿನಲ್ಲೇ ಇರುವುದರಿಂದ ನೀರು ಸ್ವಲ್ಪ ಸ್ವಲ್ಪವಾಗಿ, ಆದರೆ ತಪ್ಪದೆ ಬೇಕು. ಸಾರಜನಕದ ಗೊಬ್ಬರವೆಲ್ಲ ಎಲೆ ಬೆಳೆಯುವ ಕಾಲದಲ್ಲೇ ಮುಗಿಯಬೇಕು. ಗಡ್ಡೆ ಕಟ್ಟಲು ಆರಂಭಿಸಿದ ಮೇಲೂ ಕೊಟ್ಟರೆ ಕುತ್ತಿಗೆ ದಪ್ಪವಾಗಿ, ಗಡ್ಡೆ ಕೂಡಿಡಲು ಬಾರದಂತಾಗುತ್ತದೆ. ಎಲೆಗಳ ಮೇಲೆ ಬಿಳಿ ಗೀರುಗಳು ಕಂಡಾಗ ಥ್ರಿಪ್ಸ್ ಎಂಬ ಸಣ್ಣ ಕೀಟದ ಹಾವಳಿಯೆಂದು ತಿಳಿದು ಬೇವಿನ ಎಣ್ಣೆಯ ದ್ರಾವಣ ಸಿಂಪಡಿಸಿದೆ. ಏಪ್ರಿಲಿನಲ್ಲಿ ಅರ್ಧದಷ್ಟು ಗಿಡಗಳ ಕುತ್ತಿಗೆ ತಾವಾಗಿ ಬಾಗಿದವು. ಅದಕ್ಕೆ ಮೊದಲೇ ನೀರು ನಿಲ್ಲಿಸಿದ್ದೆ. ಕಿತ್ತು, ಎಲೆ ಸಹಿತ ನೆರಳಿನಲ್ಲಿ ಹರಡಿ, ಹೊರಸಿಪ್ಪೆ ಗರಿಗರಿಯಾಗುವ ತನಕ ಒಣಗಿಸಿದೆ.

ಫಲಿತಾಂಶವನ್ನು ರೂಢಿಯಂತೆ ಬರೆದಿಟ್ಟಿದ್ದೇನೆ. ಕೈಗೆ ಬಂದ ಗಡ್ಡೆಗಳು 64. ಒಟ್ಟು ತೂಕ ಒಂಬತ್ತು ಕಿಲೋಗೆ ಸ್ವಲ್ಪ ಕಡಿಮೆ. ಸರಾಸರಿ 140 ಗ್ರಾಮ್, ಎಲ್ಲಕ್ಕೂ ದೊಡ್ಡದು 310 ಗ್ರಾಮ್. ಅಂದು ನಮ್ಮ ಬೀದಿಯಲ್ಲಿ ಈರುಳ್ಳಿ ಕಿಲೋಗೆ 25 ರೂಪಾಯಿ. ಅಂದರೆ ನನ್ನ ಉತ್ಪನ್ನದ ಬೆಲೆ ಸುಮಾರು 225 ರೂಪಾಯಿ. ಚೀಲ, ಮಣ್ಣು, ಗೊಬ್ಬರ, ಬೀಜ ಸೇರಿ ಖರ್ಚು 2,140 ರೂಪಾಯಿ. ಚೀಲಗಳನ್ನು ಬಂಡವಾಳ ವೆಚ್ಚವೆಂದು ಪರಿಗಣಿಸಿ ಮೂರು ವರ್ಷಕ್ಕೆ ಸವಕಳಿ ಹಾಕಿದರೂ ಇದು ನಷ್ಟದ ಬಾಬ್ತೇ. ಹಣ ಉಳಿಸಲೆಂದು ಯಾರೂ ತಾರಸಿಯ ಮೇಲೆ ಈರುಳ್ಳಿ ಬೆಳೆಯಬಾರದು. ಬೆಲೆಯೆಂದರೇನೆಂದು ತಿಳಿಯಬೇಕಾದರೆ ಒಮ್ಮೆಯಾದರೂ ಬೆಳೆಯಬೇಕು.

ಮೊದಲ ವರ್ಷ ನಾನು ಬೀಜ ಬಿತ್ತಿದಾಗ ಈರುಳ್ಳಿಗೆ ಕನಿಷ್ಠ ರಫ್ತು ಬೆಲೆಯ ನಿರ್ಬಂಧವಿತ್ತು. ಡಿಸೆಂಬರ್ 8ರಂದು ರಫ್ತು ನಿಷೇಧವಾಯಿತು. ಗಡ್ಡೆ ಕಿತ್ತಾಗಲೂ ನಿಷೇಧವಿತ್ತು, 2024ರ ಮೇ ತಿಂಗಳಲ್ಲಿ ಅದು ತೆರವಾಯಿತು. ಎರಡನೆಯ ವರ್ಷ ಬಿತ್ತುವಾಗ ಸುಂಕ ಶೇಕಡಾ 20 ಇತ್ತು, 2025ರ ಏಪ್ರಿಲ್ 1ರಿಂದ ಅದು ರದ್ದಾಯಿತು. ಬೀಜದಿಂದ ಗಡ್ಡೆಗೆ ಐದು ತಿಂಗಳು ಬೇಕು, ಅಧಿಸೂಚನೆಗೆ ಒಂದು ಸಂಜೆ ಸಾಕು. ಈ ಬಗ್ಗೆ ನಮ್ಮಂತಹ ಸಂಸ್ಥೆಗಳು ಮನವಿಗಳನ್ನು ಸಲ್ಲಿಸುತ್ತಲೇ ಇರುತ್ತವೆ, ಸಲ್ಲಿಸುತ್ತಲೂ ಇರಬೇಕು. ಆದರೆ ರಫ್ತು ನೀತಿ ನಮ್ಮ ಕೈಯಲ್ಲಿಲ್ಲ. ಬೀಜದ ಡಬ್ಬಿ ನಮ್ಮ ಕೈಯಲ್ಲಿದೆ.

ನನ್ನ ಸಹಿಯ ಮೇಲಿನ ಅಂಕಿ

ಈಗ ಈ ಲೇಖನದ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಾಲಿನ ರೈತರ ಮಾತು ಕೇಳಿದ ನಂತರದ ಮಾರ್ಚಿನಲ್ಲಿ, ಅಂದರೆ 2024ರಲ್ಲಿ, ಬೀಜ ಮಾರಾಟ ಮಾಡುವ ಕಕ್ಷಿದಾರರೊಬ್ಬರ ಹಳೆಯ ಕಡತಗಳನ್ನು ತೆರೆದೆ. ಅವರ ಹೆಸರನ್ನಾಗಲಿ ಊರನ್ನಾಗಲಿ ಹೇಳಲು ವೃತ್ತಿಧರ್ಮ ಒಪ್ಪುವುದಿಲ್ಲ. ನಾನು ಬೀಜ ತಂದ ಅಂಗಡಿ ಅವರದಲ್ಲವೆಂದು ಮಾತ್ರ ಸ್ಪಷ್ಟಪಡಿಸುತ್ತೇನೆ. ಅವರು ಪ್ರಾಮಾಣಿಕರು, ತೆರಿಗೆಯನ್ನು ಕಾಲಕ್ಕೆ ಸರಿಯಾಗಿ ಕಟ್ಟುವವರು. ಅವರ ಅಂತಿಮ ದಾಸ್ತಾನಿನ ಪಟ್ಟಿಯಲ್ಲಿ ಪ್ರತಿ ವರ್ಷವೂ ಈರುಳ್ಳಿ ಬೀಜದ ಒಂದು ಸಾಲು ಇತ್ತು. ಇಷ್ಟು ಕಿಲೋ, ಖರೀದಿ ಬೆಲೆ ಇಷ್ಟು, ಮೌಲ್ಯ ಇಷ್ಟು. ಅದರ ಕೆಳಗೆ ನನ್ನ ಸಹಿ.

ನಮ್ಮ ದೇಶದಲ್ಲಿ ಈರುಳ್ಳಿ ಬೀಜದ ಕೊಯ್ಲು ಸಾಮಾನ್ಯವಾಗಿ ಏಪ್ರಿಲ್, ಮೇ ತಿಂಗಳುಗಳಲ್ಲಿ ನಡೆಯುತ್ತದೆ. ಆದ್ದರಿಂದ ಮಾರ್ಚ್ 31ರಂದು ಅಂಗಡಿಯಲ್ಲಿರುವ ಬೀಜ ಹತ್ತು ಹನ್ನೊಂದು ತಿಂಗಳಷ್ಟಾದರೂ ಹಳೆಯದು. ತರಕಾರಿ ಬೀಜಗಳಲ್ಲಿ ಅತಿ ಬೇಗ ಜೀವ ಕಳೆದುಕೊಳ್ಳುವವುಗಳಲ್ಲಿ ಈರುಳ್ಳಿ ಒಂದು. ಸಾಧಾರಣ ಕೋಣೆಯ ಸೆಕೆ, ತೇವಗಳಲ್ಲಿ ಅದು ಒಂದು ವರ್ಷ ದಾಟುವುದು ಕಷ್ಟ. ಪ್ರಮಾಣಿತ ಬೀಜದ ಚೀಟಿಗೆ ಪರೀಕ್ಷೆಯ ದಿನದಿಂದ ಒಂಬತ್ತು ತಿಂಗಳು ಮಾತ್ರ ಮಾನ್ಯತೆ. ಮರುಪರೀಕ್ಷೆಯಲ್ಲಿ ಉತ್ತೀರ್ಣವಾದರೆ ಮಾತ್ರ ಅದು ವಿಸ್ತರಣೆಯಾಗುತ್ತದೆ. ಹಾಗಿರುವಾಗ ಖರೀದಿ ಬೆಲೆಗೆ ಅದನ್ನು ಆಸ್ತಿಯೆಂದು ತೋರಿಸುವುದು ಹೇಗೆ ಸರಿ?

ಲೆಕ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರ ಹಿಂದಿನಿಂದಲೂ ಇದೆ. ದಾಸ್ತಾನುಗಳ ಮೌಲ್ಯಮಾಪನಕ್ಕೆ ಸಂಬಂಧಿಸಿದ ಲೆಕ್ಕಪತ್ರ ಮಾನಕ 2ರ ಪ್ರಕಾರ ಸರಕನ್ನು ಅದರ ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಮೊಳೆಯದ ಬೀಜಕ್ಕೆ ಬೀಜವೆಂಬ ಮಾರಾಟ ಮೌಲ್ಯವಿಲ್ಲ. ಈ ನಿಯಮವನ್ನು ನಾನು ವಿದ್ಯಾರ್ಥಿಯಾಗಿದ್ದಾಗಿನಿಂದ ಬಲ್ಲೆ. ಹಳೆಯ ಮಾದರಿಯ ಸೀರೆಗೂ ತುಕ್ಕು ಹಿಡಿದ ಬಿಡಿಭಾಗಗಳಿಗೂ ಅನ್ವಯಿಸಿದ್ದೇನೆ. ಬೀಜದ ಚೀಲಕ್ಕೆ ಅನ್ವಯಿಸಬೇಕೆಂದು ಮಾತ್ರ ಒಮ್ಮೆಯೂ ಹೊಳೆಯಲಿಲ್ಲ. ಏಕೆಂದರೆ ಸತ್ತ ಬೀಜವೂ ಜೀವಂತ ಬೀಜವೂ ಕಣ್ಣಿಗೆ ಒಂದೇ ತೆರನಾಗಿರುತ್ತವೆ, ತೂಕವೂ ಒಂದೇ.

ಇದು ಕೇವಲ ಲೆಕ್ಕಪತ್ರದ ತಪ್ಪಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಹಳೆಯ ಕಡತಗಳಲ್ಲಿ ಮುಂದಿನ ವರ್ಷದ ಪುಟ ತಿರುವಿದಾಗ ಆ ಬೀಜ ಮಾರಾಟವಾಗಿ ಹೋಗಿರುವುದು ಕಂಡಿತು. ನಷ್ಟವೆಂದು ಒಂದು ರೂಪಾಯಿಯೂ ಬರೆದಿರಲಿಲ್ಲ. ಹಾಗಾದರೆ ಆ ನಷ್ಟ ಎಲ್ಲಿಗೆ ಹೋಯಿತು? ಯಾರದೋ ಹೊಲಕ್ಕೆ ಹೋಯಿತು. ನಮ್ಮ ಪುಸ್ತಕದಲ್ಲಿ ಬರೆಯದ ನಷ್ಟವನ್ನು ಯಾವನೋ ರೈತ ತನ್ನ ಮಣ್ಣಿನಲ್ಲಿ ಬರೆದುಕೊಂಡ. ಆ ಪುಟದ ಮೇಲಿನ ನನ್ನ ಸಹಿ ಆ ದಿನ ನನಗೆ ಬಹಳ ಭಾರವಾಗಿ ಕಂಡಿತು.

ಇಪ್ಪತ್ತಾರು ಕಿಲೋ ಬೀಜದ ಬೆಲೆ

ಅದೇ ಕಕ್ಷಿದಾರರೊಡನೆ 2025ರ ಮಾರ್ಚಿನಲ್ಲಿ ಈ ವಿಷಯ ಪ್ರಸ್ತಾಪಿಸಿದೆ. "ಸಾಹೇಬ್ರ, ಇದು ಎಲ್ಲಾರೂ ಮಾಡೋದ ಐತಿ" ಎಂದು ಅವರು ನಕ್ಕರು. ನಾನು ನನ್ನ ಒದ್ದೆ ಬಟ್ಟೆಯ ಪರೀಕ್ಷೆಯನ್ನು ಅವರ ಅಂಗಡಿಯಲ್ಲೇ ಮಾಡಿಸಿದೆ. ಈರುಳ್ಳಿ ಬೀಜಕ್ಕೆ ನಿಗದಿಯಾದ ಕನಿಷ್ಠ ಮೊಳಕೆ ಪ್ರಮಾಣ ಶೇಕಡಾ 70. ಅವರ ದಾಸ್ತಾನಿನ ನೂರು ಬೀಜಗಳಲ್ಲಿ ಮೊಳೆತವು 38.

ಆಗ ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ದಾಸ್ತಾನು 26 ಕಿಲೋ, ಖರೀದಿ ಬೆಲೆ ಕಿಲೋಗೆ 1,400 ರೂಪಾಯಿಯಂತೆ 36,400 ರೂಪಾಯಿ. ಇದನ್ನು ನಷ್ಟವೆಂದು ಬರೆದರೆ ಶೇಕಡಾ 30ರ ತೆರಿಗೆ ಹಂತದಲ್ಲಿದ್ದ ಅವರಿಗೆ ಸುಮಾರು 11,000 ರೂಪಾಯಿ ತೆರಿಗೆ ಉಳಿಯುತ್ತದೆ. ನಿಜವಾದ ಹೊರೆ ಸುಮಾರು 25,000 ರೂಪಾಯಿ. ಬಿತ್ತನೆ ಬೀಜಕ್ಕೆ ಜಿ.ಎಸ್‌.ಟಿ. ವಿನಾಯಿತಿ ಇರುವುದರಿಂದ ಆ ಬೀಜದ ಖರೀದಿಯ ಮೇಲೆ ಹೂಡುವಳಿ ತೆರಿಗೆಯನ್ನು ಹಿಂದಿರುಗಿಸುವ ತೊಡಕು ಇಲ್ಲ.

ಇನ್ನೊಂದು ಕಡೆಯ ಲೆಕ್ಕ ಹೀಗಿದೆ. ನಾಟಿ ಮಾಡುವ ಬೆಳೆಗೆ ಎಕರೆಗೆ ಮೂರು ಕಿಲೋ ಬೀಜವೆಂದು ಹಿಡಿದರೆ ಅದರಲ್ಲಿ ಸುಮಾರು ಏಳೂವರೆ ಲಕ್ಷ ಬೀಜಗಳಿರುತ್ತವೆ. ಶೇಕಡಾ 70 ಮೊಳೆತರೆ ಐದು ಲಕ್ಷಕ್ಕೂ ಹೆಚ್ಚು ಸಸಿ. ಆರು ಅಂಗುಲಕ್ಕೆ ನಾಲ್ಕು ಅಂಗುಲದ ಅಂತರದಲ್ಲಿ ಎಕರೆಗೆ ಎರಡೂವರೆ ಲಕ್ಷಕ್ಕೂ ಮೀರಿ ಸಸಿ ಬೇಕು. ಸಸಿಮಡಿಯಲ್ಲಿ ಸಾಯುವವು, ದುರ್ಬಲವಾದವು ಕಳೆದರೂ ಆಯ್ದು ನೆಡಲು ಬೇಕಾದಷ್ಟು ಉಳಿಯುತ್ತವೆ. ಶೇಕಡಾ 38 ಮಾತ್ರ ಮೊಳೆತರೆ ಎರಡೂ ಮುಕ್ಕಾಲು ಲಕ್ಷಕ್ಕೆ ಸ್ವಲ್ಪ ಹೆಚ್ಚು. ಹಳೆಯ ಬೀಜದ ಮೊಳಕೆ ಬಲಹೀನವೂ ಆಗಿರುವುದರಿಂದ ಅದರಲ್ಲೂ ಬಹುಪಾಲು ನಾಟಿಯ ತನಕ ಉಳಿಯುವುದಿಲ್ಲ. ರೈತ ಎರಡನೆಯ ಬಾರಿ ಬಿತ್ತಬೇಕು. ಹಂಗಾಮು ತಡವಾಗುತ್ತದೆ. ಎಲೆ ಬೆಳೆಯುವ ಮೊದಲೇ ಗಡ್ಡೆ ಕಟ್ಟುವ ಕಾಲ ಬರುತ್ತದೆ. ಗಡ್ಡೆ ಸಣ್ಣದಾಗುತ್ತದೆ. ಮಾರುಕಟ್ಟೆಯಲ್ಲಿ ಅದು ಕೊನೆಯ ದರ್ಜೆಯ ರಾಶಿಗೆ ಬೀಳುತ್ತದೆ. ನನ್ನ ಮೊದಲ ವರ್ಷದ ತಾರಸಿಯಲ್ಲಿ ನಡೆದದ್ದೂ ಇದೇ.

ಇಪ್ಪತ್ತಾರು ಕಿಲೋ ಎಂದರೆ ಎಂಟು ಎಕರೆಗೂ ಮೀರಿದ ಬಿತ್ತನೆ. ಒಂದು ತಕ್ಕಡಿಯಲ್ಲಿ 25,000 ರೂಪಾಯಿ, ಇನ್ನೊಂದರಲ್ಲಿ ಎಂಟು ಎಕರೆಯ ಹಂಗಾಮು. ಕಕ್ಷಿದಾರರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರ್ದ ಬಿಡ್ರಿ" ಎಂದರು. ಬೀಜವನ್ನು ಸಾಕ್ಷಿಗಳ ಮುಂದೆ ನಾಶಪಡಿಸಿ, ಅದರ ಟಿಪ್ಪಣಿಯನ್ನು ಕಡತಕ್ಕೆ ಸೇರಿಸಿದೆವು. ನನ್ನ ವೃತ್ತಿಯಲ್ಲಿ ಕಕ್ಷಿದಾರರ ಲಾಭವನ್ನು ಕಡಿಮೆ ಮಾಡಿ ಇಷ್ಟು ಸಮಾಧಾನಪಟ್ಟದ್ದು ಅದೇ ಮೊದಲು.

ಕಾನೂನು ಹೇಳುವುದೇನು

ಕಾನೂನಿನ ದೃಷ್ಟಿಯಿಂದಲೂ ಈ ವಿಷಯವನ್ನು ಹಗುರವಾಗಿ ಕಾಣುವಂತಿಲ್ಲ. 1966ರ ಬೀಜ ಕಾಯಿದೆಯು ಅಧಿಸೂಚಿತ ತಳಿಗಳ ಬೀಜಕ್ಕೆ ಕನಿಷ್ಠ ಮೊಳಕೆ ಪ್ರಮಾಣ ಮತ್ತು ಶುದ್ಧತೆಯನ್ನು, ಪೊಟ್ಟಣದ ಮೇಲೆ ಅದರ ವಿವರವನ್ನು ಕಡ್ಡಾಯಗೊಳಿಸಿತು. 1983ರ ಬೀಜ ನಿಯಂತ್ರಣ ಆದೇಶವು ಮಾರಾಟಗಾರನಿಗೆ ಪರವಾನಗಿಯನ್ನು ವಿಧಿಸಿದ್ದಲ್ಲದೆ, ಕೊಳ್ಳುವವನಿಗೆ ನಗದು ಅಥವಾ ಉದ್ದರಿ ಬಿಲ್ಲು ಕೊಡಬೇಕೆಂದು ವಿಧಿಸಿತು. ಬೀಜ ಕೊಂಡ ರೈತ ಗ್ರಾಹಕನೇ, ಅವನು ಗ್ರಾಹಕರ ವೇದಿಕೆಗೆ ಹೋಗಬಹುದು ಎಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ತೀರ್ಪಿತ್ತಿದೆ. ಡಬ್ಬಿಯಿಂದ ತೂಗಿ, ಬಿಲ್ಲಿಲ್ಲದೆ ಕೊಡುವ ವ್ಯಾಪಾರಿ ತಾನು ಸುರಕ್ಷಿತನೆಂದು ಭಾವಿಸಬಾರದು. ಬಿಲ್ಲು ಇಲ್ಲದಿರುವುದು ರೈತನಿಗೆ ಎಷ್ಟು ಅಪಾಯವೋ ವ್ಯಾಪಾರಿಗೂ ಅಷ್ಟೇ ಅಪಾಯ. ತಾನು ಮಾರಿದ್ದು ಹೊಸ ಬೀಜವೆಂದು ತೋರಿಸಲು ಅವನ ಬಳಿಯೂ ಆಧಾರವಿರುವುದಿಲ್ಲ.

ಇದಕ್ಕೆ ಬೀಜದ ವರ್ತಕ ಬಂಧುಗಳು ಕೊಡುವ ಉತ್ತರವನ್ನು ಬಲ್ಲೆ. ಲಾಭಾಂಶ ಕಡಿಮೆ, ಉದ್ದರಿ ಹೆಚ್ಚು, ಮಳೆ ಕೈಕೊಟ್ಟರೆ ಸರಕು ಉಳಿಯುತ್ತದೆ, ಪೂರೈಕೆದಾರರು ಹಿಂದಕ್ಕೆ ಪಡೆಯುವುದಿಲ್ಲ, ನಷ್ಟವನ್ನೆಲ್ಲ ಚಿಲ್ಲರೆ ವ್ಯಾಪಾರಿಯೇ ಏಕೆ ಹೊರಬೇಕು ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಆದರೆ ಅದರ ಉತ್ತರ ರೈತನೇ ಹೊರಲಿ ಎಂಬುದಾಗಲಾರದು. ಔಷಧ ವ್ಯಾಪಾರದಲ್ಲಿ ಅವಧಿ ಮೀರಿದ ಮಾತ್ರೆಗಳನ್ನು ವಿತರಕರ ಮೂಲಕ ತಯಾರಕರಿಗೆ ಹಿಂದಿರುಗಿಸುವ ಪದ್ಧತಿ ರೂಢಿಯಲ್ಲಿದೆ. ಮಾತ್ರೆಗೆ ಸಾಧ್ಯವಾದದ್ದು ಬೀಜಕ್ಕೆ ಏಕೆ ಸಾಧ್ಯವಾಗಬಾರದು? ಒಬ್ಬ ವ್ಯಾಪಾರಿ ಕೇಳಿದರೆ ಕಂಪನಿಗಳು ಕಿವಿಗೊಡುವುದಿಲ್ಲ. ಸಂಸ್ಥೆಯೊಂದು ಕೇಳಿದರೆ ಕಿವಿಗೊಟ್ಟಾವು. ನಮ್ಮಂತಹ ಸಂಸ್ಥೆಗಳು ಇರುವುದೇ ಇದಕ್ಕಾಗಿ.

ಮಾಡಬಹುದಾದ ಕೆಲಸ

ಸದಸ್ಯರ ಪರಿಶೀಲನೆಗಾಗಿ ನಾಲ್ಕು ಸಲಹೆಗಳನ್ನು ಮುಂದಿಡುತ್ತೇನೆ.

ಮೊದಲನೆಯದಾಗಿ, ಬೀಜದ ವರ್ತಕರು ಅಂತಿಮ ದಾಸ್ತಾನಿನ ಪಟ್ಟಿಯಲ್ಲಿ ತೂಕ, ಬೆಲೆಗಳ ಜೊತೆಗೆ ಪರೀಕ್ಷೆಯ ದಿನಾಂಕಕ್ಕೂ ಒಂದು ಕಲಮು ಇಡಲಿ. ಅವಧಿ ಮೀರಿದ್ದನ್ನು ಮರುಪರೀಕ್ಷೆಗೆ ಕಳುಹಿಸಲಿ, ಅನುತ್ತೀರ್ಣವಾದುದನ್ನು ನಷ್ಟವೆಂದು ಬರೆದು ನಾಶಪಡಿಸಲಿ. ನನ್ನ ವೃತ್ತಿಬಾಂಧವರೂ ಆ ಕಲಮು ಖಾಲಿಯಿದ್ದರೆ ಸಹಿ ಮಾಡುವ ಮುನ್ನ ಒಂದು ಪ್ರಶ್ನೆ ಕೇಳಲಿ.

ಎರಡನೆಯದಾಗಿ, ಅವಧಿ ಮುಗಿಯುವ ಮೊದಲೇ ಉಳಿದ ಸರಕನ್ನು ಹಿಂದಕ್ಕೆ ಪಡೆಯುವ ಬಗ್ಗೆ ಬೀಜ ಕಂಪನಿಗಳು ಮತ್ತು ವಿತರಕರೊಡನೆ ಸಂಸ್ಥೆಯ ವತಿಯಿಂದ ಮಾತುಕತೆ ನಡೆಯಲಿ.

ಮೂರನೆಯದಾಗಿ, ನಮ್ಮ ಪ್ಯಾಕಿಂಗ್ ಸಾಮಗ್ರಿಯ ಸಣ್ಣ ಉದ್ಯಮಿಗಳು ಇದರಲ್ಲಿ ಒಂದು ಅವಕಾಶವನ್ನು ಕಾಣಲಿ. ಈರುಳ್ಳಿ ಬೀಜದ ತೇವಾಂಶ ಸಾಮಾನ್ಯ ಪೊಟ್ಟಣದಲ್ಲಿ ಶೇಕಡಾ 8ನ್ನು, ಗಾಳಿ ತೇವಗಳು ಹೋಗದ ಪೊಟ್ಟಣದಲ್ಲಿ ಶೇಕಡಾ 6ನ್ನು ಮೀರಬಾರದೆಂದು ಮಾನದಂಡವಿದೆ. ಒಣಗಿದ ಬೀಜ ಬಿಗಿಯಾದ ಪೊಟ್ಟಣದಲ್ಲಿ ಹೆಚ್ಚು ಕಾಲ ಬಾಳುತ್ತದೆ. ದೊಡ್ಡ ಡಬ್ಬಿಯನ್ನು ದಿನವೂ ತೆರೆದು ತೂಗುವುದರಿಂದಲೇ ಅದರ ಆಯುಷ್ಯ ಕುಗ್ಗುವುದು. ಐದು, ಹತ್ತು, ನೂರು ಗ್ರಾಮ್‌ಗಳ ತೇವಾಂಶ ನಿರೋಧಕ ಪೊಟ್ಟಣಗಳು ತಳಿ, ಹಂಗಾಮು, ಪರೀಕ್ಷೆಯ ದಿನಾಂಕಗಳ ಸಹಿತ ದೊರೆತರೆ ಬಿಡಿ ಮಾರಾಟದ ಅಗತ್ಯವೇ ಇರುವುದಿಲ್ಲ.

ನಾಲ್ಕನೆಯದು ಎಲ್ಲ ಸದಸ್ಯರಿಗೂ ಸಲ್ಲುವ ಮಾತು. ಬರುವ ಹಿಂಗಾರಿನಲ್ಲಿ ಮನೆಯ ತಾರಸಿಯಲ್ಲೋ ಕಾರ್ಖಾನೆಯ ಅಂಗಳದಲ್ಲೋ ಎರಡು ಚೀಲಗಳಲ್ಲಿ ಈರುಳ್ಳಿ ಬಿತ್ತಿ ನೋಡಿ. ಬಿತ್ತುವ ಮೊದಲು ನೂರು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಹನ್ನೆರಡು ದಿನಗಳ ನಂತರ ಆ ಬಟ್ಟೆಯನ್ನು ಬಿಚ್ಚುವಾಗ ಆಗುವ ಆತಂಕ, ರೈತನೊಬ್ಬ ವರ್ಷ ವರ್ಷವೂ ಅನುಭವಿಸುವ ಆತಂಕದ ಒಂದು ಚಿಟಿಕೆಯಷ್ಟು.

ಕಳೆದ ಏಪ್ರಿಲಿನ ಆ 310 ಗ್ರಾಮಿನ ಗಡ್ಡೆಯನ್ನು ನಾವು ತಿನ್ನಲಿಲ್ಲ. ಹಾಲು ಹಾಕುವ ಆ ರೈತರ ಕೈಗೆ ಕೊಟ್ಟೆ. ಅವರು ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, "ಈ ಬೀಜಾ ಎಲ್ಲಿ ಸಿಕ್ಕೀತ್ರಿ?" ಎಂದು ಕೇಳಿದರು. ಗೊಬ್ಬರವೇನು ಹಾಕಿದಿರಿ ಎಂದು ಅವರು ಕೇಳಲಿಲ್ಲ. ಆ ಪ್ರಶ್ನೆಗೆ ನಮ್ಮ ನಗರದ ಪ್ರತಿಯೊಂದು ಬೀಜದಂಗಡಿಯ ಹೆಸರನ್ನೂ ಅಳುಕಿಲ್ಲದೆ ಹೇಳುವ ದಿನ ಬರಬೇಕೆಂಬುದು ನನ್ನ ಹಾರೈಕೆ. ಅದು ಮಾರ್ಚ್ 31ರ ಪಟ್ಟಿಯಲ್ಲಿ ಒಂದು ಸಾಲನ್ನು ಪ್ರಾಮಾಣಿಕವಾಗಿ ಬರೆಯುವುದರಿಂದ ಆರಂಭವಾಗಲಿ.